ಗೂಡಿನೊಳಗಿನ ಹಬ್ಬ

'ಗೂಡು' ಎಂಬುದು ಕನ್ನಡದ ಒಂದು ಪುಟ್ಟ ಮಾತು. ಹಕ್ಕಿ ಕಟ್ಟುವುದು ಗೂಡು. ರೇಷ್ಮೆಹುಳು ತನ್ನ ಸುತ್ತ ನೇಯ್ದುಕೊಳ್ಳುವುದು ಗೂಡು. ಹಳೆಯ ಮನೆಗಳಲ್ಲಿ ದೀಪವಿಡಲೆಂದು ಗೋಡೆಯಲ್ಲಿ ಬಿಟ್ಟ ಸಣ್ಣ ತಾವೂ ಗೂಡೇ. ಮೂರೂ ಬೇರೆ ಬೇರೆ ವಸ್ತುಗಳಾದರೂ ಒಂದು ಜೀವವನ್ನೋ ಒಂದು ಬೆಳಕನ್ನೋ ಗಾಳಿಮಳೆಗಳಿಂದ ಕಾಪಾಡುವುದಕ್ಕಾಗಿಯೇ ಇರುವಂಥವು. ಡಿಸೆಂಬರ್ ತಿಂಗಳು ಬಂದು, ಮನೆಯವರೆಲ್ಲ ಕ್ರಿಸ್ಮಸ್ ಹಬ್ಬಕ್ಕೆ ಮನೆಯ ಒಳಗನ್ನು ಸಿಂಗರಿಸಲು ತೊಡಗಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಜೊತೆಗೆ ಶಿಡ್ಲಘಟ್ಟದ ಒಂದು ಮನೆ, ಅಲ್ಲಿಯ ಒಬ್ಬ ಅಜ್ಜಿ, ನಾನು ಮಾಡಿದ ಒಂದು ತಪ್ಪು, ಇವೆಲ್ಲವೂ ನೆನಪಾಗುತ್ತವೆ.

ನಾನು ಹುಟ್ಟಿದ್ದು 1960ರಲ್ಲಿ, ಚಿಕ್ಕಬಳ್ಳಾಪುರದಲ್ಲಿ. ಇಂದು ಅದು ಜಿಲ್ಲಾ ಕೇಂದ್ರ; 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ ಒಂದು ತಾಲ್ಲೂಕಾಗಿದ್ದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ ಮಿಷನ್ನಿನವರು ಅಲ್ಲಿ ತೆರೆದ ಆಸ್ಪತ್ರೆ ಸುತ್ತಮುತ್ತಲ ಹಳ್ಳಿಗಳ ಬಡವರಿಗೆ ದೊಡ್ಡ ಆಸರೆಯಾಗಿದ್ದಿತು. 1947ರಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾದ ಮೇಲೆ ಜನ ಅದನ್ನು ಸಿ.ಎಸ್.ಐ. ಆಸ್ಪತ್ರೆಯೆಂದು ಕರೆಯತೊಡಗಿದರು. ನನ್ನ ತಾಯಿ ಅಲ್ಲಿ ದಾದಿಯಾಗಿದ್ದರು; ತಂದೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಆಸ್ಪತ್ರೆಗೆ ಸಮೀಪದಲ್ಲಿದ್ದ ತಾತನ ಹೆಂಚಿನ ಮನೆಯಲ್ಲಿ ನಾವೆಲ್ಲರೂ ಒಟ್ಟಿಗೆ ಇದ್ದೆವು.

ನಂದಿಬೆಟ್ಟದ ಕಡೆಯಿಂದ ಮಂಜು ಇಳಿದು, ಸಂತೆಯಲ್ಲಿ ಸೇವಂತಿಗೆಯ ರಾಶಿಗಳು ಕಾಣಿಸಿಕೊಂಡರೆ ತಾತನ ಮನೆಯಲ್ಲಿ ಹಬ್ಬದ ಕೆಲಸ ಮೊದಲಾಗುತ್ತಿದ್ದಿತು. ಮೊದಲು ಗೋಡೆಗಳಿಗೆ ಸುಣ್ಣ, ಅದರ ಕೆಳಗೆ ಒಂದು ಮೊಳದೆತ್ತರ ಕೆಮ್ಮಣ್ಣಿನ ಪಟ್ಟೆ. ಆಮೇಲೆ ನಕ್ಷತ್ರ. ಬಿದಿರಿನ ಹತ್ತು ಸಮನಾದ ಕಡ್ಡಿಗಳನ್ನು ಸೀಳಿ, ಐದೈದನ್ನು ಕೂಡಿಸಿ ಎರಡು ಚೌಕಟ್ಟುಗಳನ್ನು ಕಟ್ಟುವುದು. ಎರಡರ ತುದಿಗಳನ್ನೂ ಬಿಗಿದು, ನಡುವೆ ಐದು ಗಿಡ್ಡ ಕಡ್ಡಿಗಳನ್ನು ಸಿಕ್ಕಿಸುವುದು. ಆಗ ನಕ್ಷತ್ರಕ್ಕೆ ಹೊಟ್ಟೆ ಬರುತ್ತದೆ. ಅದರ ಮೇಲೆ ಮೈದಾ ಅಂಟಿನಿಂದ ಗಾಳಿಪಟದ ಬಣ್ಣದ ಕಾಗದವನ್ನು ಹಚ್ಚಿ, ಒಳಗೆ ದೀಪವಿಟ್ಟರೆ ಮುಗಿಯಿತು. ತಾತ ಕಡ್ಡಿಯನ್ನು ಅಳೆಯುವಾಗ ನಾವು ಯಾರೂ ಮಾತನಾಡುವಂತಿರಲಿಲ್ಲ. 'ಒಂದು ಕಡ್ಡಿ ಬೆರಳಗಲ ಹೆಚ್ಚಾದರೆ ನಕ್ಷತ್ರ ಕುಂಟುತ್ತದೆ' ಎನ್ನುತ್ತಿದ್ದರು.

ನಡುಮನೆಯ ಒಂದು ಮೂಲೆಯಲ್ಲಿ, ಮರಳು ತುಂಬಿದ ಡಬ್ಬದಲ್ಲಿ ನೆಟ್ಟ ಸರ್ವೆಯ ಕೊಂಬೆಯೇ ನಮ್ಮ ಕ್ರಿಸ್ಮಸ್ ಮರ. ಅದಕ್ಕೆ ಖಾಲಿ ಬೆಂಕಿಪೊಟ್ಟಣಗಳನ್ನು ಬಣ್ಣದ ಕಾಗದದಲ್ಲಿ ಸುತ್ತಿ ತೂಗುಹಾಕುತ್ತಿದ್ದೆವು. ಕೊಂಬೆಗಳ ಮೇಲೆ ಆಸ್ಪತ್ರೆಯ ಹತ್ತಿಯನ್ನು ಹಿಂಜಿ ಹರಡುತ್ತಿದ್ದೆವು, ಅದು ಹಿಮವಂತೆ! ಹಿಮವನ್ನು ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಆದರೂ ಹತ್ತಿಯಿಲ್ಲದ ಮರ ನಮ್ಮ ಕಣ್ಣಿಗೆ ಮರವೆನಿಸುತ್ತಿರಲಿಲ್ಲ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಗೋದಲಿ. ಗೋದಲಿಯೆಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ಬೇತ್ಲೆಹೇಮಿನ ಛತ್ರದಲ್ಲಿ ಸ್ಥಳ ದೊರೆಯದೆ, ಮರಿಯಳು ತನ್ನ ಚೊಚ್ಚಲ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಅಂತಹ ತೊಟ್ಟಿಯಲ್ಲಿ ಮಲಗಿಸಿದಳೆಂದು ಬೈಬಲಿನ ಕಥೆ. ಆ ದೃಶ್ಯವನ್ನು ಮನೆಯೊಳಗೆ ಕಟ್ಟಿ ನಿಲ್ಲಿಸುವುದನ್ನೂ ನಾವು ಗೋದಲಿಯೆಂದೇ ಕರೆಯುತ್ತೇವೆ. ಹಬ್ಬಕ್ಕೆ ಹತ್ತು ದಿನ ಮುಂಚೆ ತಾಯಿ ಒಂದು ತಟ್ಟೆಯಲ್ಲಿ ಮಣ್ಣು ಹರಡಿ ರಾಗಿಯನ್ನು ಚೆಲ್ಲುತ್ತಿದ್ದರು. ಹಬ್ಬದ ವೇಳೆಗೆ ಅದು ಒತ್ತಾಗಿ ಮೊಳೆತು ಹಸಿರು ಹುಲ್ಲುಗಾವಲಾಗುತ್ತಿದ್ದಿತು. ಕೆರೆಯ ಜೇಡಿಮಣ್ಣಿನಿಂದ ಕುರಿ, ಕುರುಬ, ಎತ್ತು, ಕತ್ತೆಗಳು. ಒಡೆದ ಕನ್ನಡಿಯ ಚೂರೊಂದು ಕೊಳ. ಆಗತಾನೆ ಕೊಯ್ಲಾದ ರಾಗಿಯ ಹುಲ್ಲಿನಿಂದ ಕೊಟ್ಟಿಗೆಯ ಮಾಡು. ನಮ್ಮ ಬೇತ್ಲೆಹೇಮು ಚಿಕ್ಕಬಳ್ಳಾಪುರದ ಹೊಲಗಳಿಂದಲೇ ಎದ್ದುಬರುತ್ತಿದ್ದಿತು.

ಈ ಅಲಂಕಾರಗಳೆಲ್ಲ ಎಲ್ಲಿಂದ ಬಂದವೆಂಬುದು ನಾನು ದೊಡ್ಡವನಾಗಿ ಓದಿದ ಮೇಲೆ ತಿಳಿಯಿತು. ಇಟಲಿಯ ಗ್ರೇಚೋ ಎಂಬ ಊರಿನಲ್ಲಿ 1223ರಲ್ಲಿ ಸಂತ ಫ್ರಾನ್ಸಿಸನು ಹುಲ್ಲು ತುಂಬಿದ ಗೋದಲಿಯನ್ನಿರಿಸಿ, ಎತ್ತನ್ನೂ ಕತ್ತೆಯನ್ನೂ ನಿಲ್ಲಿಸಿ, ಹಳ್ಳಿಯ ಜನರಿಗೆ ಆ ರಾತ್ರಿಯ ಬಡತನವನ್ನು ಕಣ್ಣಾರೆ ತೋರಿಸಿದನು. ನಾವು ಮನೆಗಳಲ್ಲಿ ಕಟ್ಟುವ ಗೋದಲಿಗೆ ಅದೇ ಮೂಲವೆನ್ನುತ್ತಾರೆ. ಮರವನ್ನು ಮನೆಯೊಳಗೆ ತಂದು ಸಿಂಗರಿಸುವ ಪದ್ಧತಿ ಜರ್ಮನಿಯದು. ವಿಕ್ಟೋರಿಯಾ ರಾಣಿಯ ಸಂಸಾರ ಅಂತಹ ಮರದ ಸುತ್ತ ನಿಂತಿರುವ ಚಿತ್ರವೊಂದು 1848ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಅದು ಇಂಗ್ಲೆಂಡಿನ ಮನೆಮನೆಗೂ ಹಬ್ಬಿತು. ಇನ್ನು ಹಲವು ಕೋನಗಳ ಕಾಗದದ ನಕ್ಷತ್ರದ ಕಥೆ ಉಪಾಧ್ಯಾಯನಾದ ನನಗೆ ಬಲು ಹಿತವಾದದ್ದು. ಜರ್ಮನಿಯ ನೀಸ್ಕಿ ಎಂಬಲ್ಲಿ ಮೊರೇವಿಯನ್ ಪಂಥದವರ ಬಾಲಕರ ಶಾಲೆಯಿದ್ದಿತು. 1830ರ ದಶಕದಲ್ಲಿ ಅಲ್ಲಿ ರೇಖಾಗಣಿತದ ಪಾಠಕ್ಕಾಗಿ ಮಕ್ಕಳಿಂದ ಮಾಡಿಸಿದ ನಕ್ಷತ್ರವೇ ಮುಂದೆ ಮೊರೇವಿಯನ್ ನಕ್ಷತ್ರವೆಂದು ಹೆಸರಾಗಿ ಲೋಕವನ್ನು ಸುತ್ತಿತು. ಕಡ್ಡಿಯನ್ನು ಅಳೆಯುವಾಗ ತಾತ ನಮ್ಮನ್ನು ಸುಮ್ಮನಿರಿಸುತ್ತಿದ್ದುದು ಸರಿಯೇ!

1969ರಲ್ಲಿ ತಂದೆಗೆ ಶಿಡ್ಲಘಟ್ಟಕ್ಕೆ ವರ್ಗವಾಯಿತು. ತಾಯಿ ಕೆಲಸವನ್ನು ಬಿಟ್ಟು ಹೊರಟರು. ಶಿಡ್ಲಘಟ್ಟ ರೇಷ್ಮೆಯ ಊರು. ಸುತ್ತಲ ಹೊಲಗಳಲ್ಲಿ ಹಿಪ್ಪುನೇರಳೆ, ಮನೆಗಳಲ್ಲಿ ಹುಳು, ಬೀದಿಗಳಲ್ಲಿ ನೂಲು ಬಿಚ್ಚುವ ಚರಕಗಳ ಸದ್ದು. ನಮಗೆ ಬಾಡಿಗೆಗೆ ದೊರೆತದ್ದು ಅಜ್ಜಿಯೊಬ್ಬರ ಮನೆಯ ಅರ್ಧ ಭಾಗ. ಉಳಿದ ಅರ್ಧದಲ್ಲಿ ಅಜ್ಜಿ, ಅವರ ವಿಧವೆ ಸೊಸೆ, ಮೊಮ್ಮಗಳು, ಮತ್ತೆ ಹುಳುಗಳು. ಎರಡು ಭಾಗಗಳ ನಡುವೆ ಇದ್ದದ್ದು ಆಳೆತ್ತರದ ಅಡ್ಡಗೋಡೆ ಮಾತ್ರ. ಅದರ ಮೇಲೆ ಮಾಡಿನವರೆಗೂ ಬಯಲು. ಅತ್ತಣ ಮಾತು ಇತ್ತ, ಇತ್ತಣ ವಾಸನೆ ಅತ್ತ ಹೋಗಿಬರುವುದಕ್ಕೆ ಯಾವ ತಡೆಯೂ ಇರಲಿಲ್ಲ.

ಆ ಮನೆಯಲ್ಲಿ ಹುಳುಗಳೇ ಯಜಮಾನರು. ಅವಕ್ಕೆ ವಿಶಾಲವಾದ ನಡುಮನೆ. ಮನುಷ್ಯರಿಗೆ ಅಡುಗೆಮನೆಯ ಪಕ್ಕದ ಓಣಿಯಂತಹ ಜಾಗ. ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದರಂತೆ ಅಂತಸ್ತುಗಳಲ್ಲಿ ಇಟ್ಟು, ಇರುವೆ ಹತ್ತದಂತೆ ಕಾಲುಗಳ ಕೆಳಗೆ ನೀರಿನ ಬಟ್ಟಲುಗಳನ್ನು ಇಟ್ಟಿರುತ್ತಿದ್ದರು. ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ನಿಶ್ಚಲವಾಗಿದ್ದು, ಪೊರೆ ಕಳಚುತ್ತದೆ. ಅದನ್ನು ಅಲ್ಲಿಯವರು 'ಜ್ವರ'ವೆನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿಗೆ ಹಿಡಿಸಲಾರದ ಹಸಿವು. ಒಂದು ಬೆಳೆಗೆ ಬೇಕಾಗುವ ಸೊಪ್ಪಿನ ಬಹುಪಾಲು ಆ ಕೊನೆಯ ಏಳೆಂಟು ದಿನಗಳಲ್ಲೇ ಮುಗಿಯುತ್ತದೆ. ಆಗ ಹಗಲು ರಾತ್ರಿಯೆನ್ನದೆ ಸೊಪ್ಪು ಹಾಕುತ್ತಿರಬೇಕು. ನೂರಾರು ಸಾವಿರಾರು ಹುಳುಗಳು ಒಟ್ಟಿಗೆ ಎಲೆ ಮೇಯುವ ಸದ್ದು, ಒಣಗಿದ ಎಲೆಗಳ ಮೇಲೆ ಸೋನೆಮಳೆ ಬಿದ್ದಂತೆ ಕೇಳಿಸುತ್ತದೆ.

1970ರ ಡಿಸೆಂಬರಿನಲ್ಲಿ ಅಜ್ಜಿಯ ಹುಳುಗಳು ನಾಲ್ಕನೆಯ ಜ್ವರದಿಂದ ಏಳುವುದಕ್ಕೂ ನಮ್ಮ ಹಬ್ಬ ಹತ್ತಿರವಾಗುವುದಕ್ಕೂ ಸರಿಹೋಯಿತು. ಒಂದು ಸಂಜೆ ಅಜ್ಜಿ ಕೈಕಾಲು ತೊಳೆದು ನಮ್ಮ ಬಾಗಿಲಿಗೆ ಬಂದು ನಿಂತರು.

"ನರ್ಸಮ್ಮ, ನಿಮ್ಮ ಹಬ್ಬಕ್ಕೆ ಅಡ್ಡ ಬಂದೆ ಅಂತ ತಿಳ್ಕೋಬೇಡಿ. ಈ ಬೆಳೆ ಕೈಗೆ ಬಂದ್ರೆ ಸಾಲ ತೀರುತ್ತೆ, ಮೊಮ್ಮಗಳ ಮದುವೆ ಮಾತು ಎತ್ತಬಹುದು. ಒಂದೆಂಟು ದಿನ ಗೋಡೆಗೆ ಸುಣ್ಣ ಬೇಡಿ. ಒದ್ದೆಯಾದ್ರೆ ಹುಳಕ್ಕೆ ಥಂಡಿ. ಎಣ್ಣೆ ಕಾಸಿ ಕರಿಯೋದು, ಊದುಬತ್ತಿ, ಸೀಮೆಎಣ್ಣೆ ಬುಡ್ಡಿ ಇವೂ ಬೇಡಿ. ಹೊಗೆ, ಗಾಢವಾಸನೆ ಅವಕ್ಕೆ ಆಗೋದಿಲ್ಲ."

ತಾಯಿ ಕ್ಷಣವೂ ಯೋಚಿಸಲಿಲ್ಲ. "ಆಗಲಿ ಅಜ್ಜಿ. ನಿಮ್ಮ ಹುಳುಗಳು ಹಣ್ಣಾಗಲಿ. ನಮ್ಮ ಹಬ್ಬ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದರು.

ನನಗೆ ಅಳು ಬಂದಿತು. ತಾತ ಕಲಿಸಿದಂತೆ ಕಡ್ಡಿಗಳನ್ನು ಅಳೆದು, ಜೀವನದಲ್ಲಿ ಮೊತ್ತಮೊದಲ ಬಾರಿಗೆ ನಾನೇ ಒಂದು ನಕ್ಷತ್ರವನ್ನು ಕಟ್ಟಿದ್ದೆನು. ನಮ್ಮ ಭಾಗಕ್ಕೆ ವಿದ್ಯುತ್ ದೀಪವಿರಲಿಲ್ಲ. ಇದ್ದ ಒಂದು ಲಾಟೀನನ್ನೂ ತಾಯಿ ಹಿತ್ತಲ ಬಾಗಿಲಾಚೆ ಇಟ್ಟುಬಿಟ್ಟರು. ಬುಡ್ಡಿಯಿಲ್ಲದಿದ್ದರೆ ನಕ್ಷತ್ರಕ್ಕೆ ಬೆಳಕೆಲ್ಲಿಯದು? ಸುಣ್ಣವಿಲ್ಲ, ಕಜ್ಜಾಯವಿಲ್ಲ, ದೀಪವಿಲ್ಲ. ಸರ್ವೆಯ ಕೊಂಬೆಗೂ ಸ್ಥಳವಿಲ್ಲ. ತಾಯಿ ಗೋಡೆಯಲ್ಲಿದ್ದ ದೀಪದ ಗೂಡನ್ನು ಒರೆಸಿ, ಅದರೊಳಗೆ ಅಂಗೈಯಗಲದ ಗೋದಲಿಯೊಂದನ್ನು ಕಟ್ಟಿದರು. ರಾಗಿಯ ಪೈರನ್ನು ಒಂದು ತಟ್ಟೆಯ ಬದಲು ಒಂದು ಬಟ್ಟಲಿನಲ್ಲಿ ಬೆಳೆದರು. ಅಷ್ಟೇ ನಮ್ಮ ಅಲಂಕಾರ. ಹುಳುಗಳಿಗೆ ನಡುಮನೆ, ದೇವರ ಕೂಸಿಗೆ ಗೋಡೆಯ ತೂತು! ಇದೆಂತಹ ನ್ಯಾಯವೆಂದು ನಾನು ಒಳಗೊಳಗೇ ಕುದಿದೆನು.

ಇಪ್ಪತ್ತೆರಡನೆಯ ತಾರೀಖಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೆದ್ದೆ. ಒಂದೇ ಒಂದು ಗಳಿಗೆ ನನ್ನ ನಕ್ಷತ್ರ ಉರಿಯುವುದನ್ನು ನೋಡಬೇಕೆಂದು ನನ್ನ ಆಸೆ. ಮೂಲೆಯಲ್ಲಿದ್ದ ಸೀಮೆಎಣ್ಣೆಯ ಬುಡ್ಡಿಯನ್ನು ಹಚ್ಚಿ, ನಕ್ಷತ್ರದೊಳಗೆ ಇಳಿಸಿದೆನು. ಕೆಂಪು ಕಾಗದದ ಮೂಲಕ ಬೆಳಕು ಗೋಡೆಯ ಮೇಲೆ ಹರಡಿತು. ಎಷ್ಟು ಚೆಲುವಾಗಿದ್ದಿತು! ಮರುಕ್ಷಣವೇ ಕಾಗದ ಒಂದು ಕಡೆ ಕಪ್ಪಗಾಗಿ, ಭಗ್ಗೆಂದು ಹತ್ತಿಕೊಂಡಿತು. ನಾನು ಕೂಗಿಕೊಂಡೆ. ತಂದೆ ಎದ್ದುಬಂದು ಕಂಬಳಿಯಿಂದ ಬಡಿದು ಆರಿಸುವಷ್ಟರಲ್ಲಿ ನಕ್ಷತ್ರ ಬೂದಿಯಾಗಿದ್ದಿತು. ಕರಿಯ ಹೊಗೆ ಮಾಡಿನವರೆಗೂ ಎದ್ದು, ಅಡ್ಡಗೋಡೆಯನ್ನು ದಾಟಿ ಅತ್ತ ಇಳಿಯುತ್ತಿದ್ದಿತು.

ಅತ್ತಲಿಂದ ಅಜ್ಜಿ ಬಾಗಿಲು ಕಿಟಕಿಗಳನ್ನು ತೆರೆಯುವ ಸದ್ದು ಕೇಳಿಸಿತು. ಅವರೂ ಸೊಸೆಯೂ ಮೊರಗಳಿಂದ ಗಾಳಿ ಬೀಸುತ್ತಿದ್ದರು. ತಾಯಿಯೂ ತಂದೆಯೂ ಓಡಿದರು. ನಾನು ಗೋಡೆಗೆ ಒರಗಿ ನಿಂತು ನಡುಗುತ್ತಿದ್ದೆನು. ಆಗ ನನಗೆ ಭಯವನ್ನುಂಟುಮಾಡಿದ್ದು ಗಲಾಟೆಯಲ್ಲ, ಮೌನ. ಆ ಸೋನೆಮಳೆಯ ಸದ್ದು ಎಲ್ಲೂ ಇರಲಿಲ್ಲ. ಹುಳುಗಳು ಮೇಯುವುದನ್ನು ನಿಲ್ಲಿಸಿಬಿಟ್ಟಿದ್ದವು.

ಅಜ್ಜಿ ನನ್ನನ್ನು ಬೈಯುವರೆಂದು ಕಾದೆನು. ಅವರು ಬೈಯಲಿಲ್ಲ. ಹೊರಗೆ ಬಂದು ನನ್ನ ಕೈ ಹಿಡಿದು, "ಬಾ ಮಗ, ಕೈ ತೊಳ್ಕೊಂಡು ಬಾ. ಸೊಪ್ಪು ಹಾಕೋಣ. ತಿಂತಾವೋ ಇಲ್ವೋ ಕೇಳೋಣ" ಎಂದರು. ಆ ರಾತ್ರಿ ಮೊದಲ ಬಾರಿಗೆ ನಾನು ಹುಳುಗಳ ಮನೆಯೊಳಗೆ ಕಾಲಿಟ್ಟೆನು. ತಟ್ಟೆ ತಟ್ಟೆಗೂ ಹೊಸ ಸೊಪ್ಪನ್ನು ಹರಡಿ, ಅಜ್ಜಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಿವಿಗೊಟ್ಟೆನು. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಎಲ್ಲಿಯೋ ಒಂದು ಮೂಲೆಯಲ್ಲಿ ಚಿಟಿಚಿಟಿಯೆಂದಿತು. ಇನ್ನೊಂದು ಮೂಲೆ ಅದಕ್ಕೆ ಮಾರ್ದನಿಗೊಟ್ಟಿತು. ಬೆಳಗಿನ ಜಾವದ ಹೊತ್ತಿಗೆ ಮನೆಯ ತುಂಬ ಮಳೆ ಸುರಿಯುತ್ತಿದ್ದಿತು. ಅಜ್ಜಿ ಸೆರಗಿನಿಂದ ಕಣ್ಣೊರಸಿಕೊಂಡರು.

ಆದರೂ ಅಡ್ಡಗೋಡೆಗೆ ತಾಗಿದ್ದ ಎರಡು ತಟ್ಟೆಗಳ ಹುಳುಗಳು ಎಲೆ ಮುಟ್ಟಲಿಲ್ಲ. ಮರುದಿನ ಅವುಗಳನ್ನು ಹಿತ್ತಲ ಗುಂಡಿಯಲ್ಲಿ ಹೂಳಿದರು. ನಾನು ಅಳುತ್ತಿರುವುದನ್ನು ಕಂಡು ಅಜ್ಜಿ, "ಅವಕ್ಕೆ ಮೊದಲೇ ಹಾಲುರೋಗ ಇತ್ತು ಕಣೋ, ನಿನ್ನಿಂದ ಆದದ್ದಲ್ಲ" ಎಂದರು. ಅದು ನಿಜವೋ, ನನ್ನ ಸಮಾಧಾನಕ್ಕಾಗಿ ಆಡಿದ ಮಾತೋ, ಇಂದಿಗೂ ನನಗೆ ತಿಳಿಯದು.

ಇಪ್ಪತ್ತನಾಲ್ಕರ ರಾತ್ರಿಯೂ ನಾನು ಸೊಪ್ಪು ಹಾಕಲು ಹೋದೆನು. ತಂದೆಯೂ ಬಂದರು. ಕೆಲಸ ಮುಗಿದು ಇಬ್ಬರೂ ಹೊರಜಗಲಿಯಲ್ಲಿ ಕುಳಿತಾಗ, ಎದೆಯಲ್ಲಿದ್ದ ಮಾತನ್ನು ಕೇಳಿಯೇಬಿಟ್ಟೆನು. "ಅಪ್ಪ, ಹಬ್ಬದ ದಿನವೂ ನಮ್ಮ ಮನೆ ಹೀಗೆಯೇ ಬರಿದಾಗಿ ಇರುತ್ತದೆಯೇ?" ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳಗಿನ ಸದ್ದನ್ನು ಕೇಳು" ಎಂದರು. "ಗೋದಲಿಯೆಂದರೆ ಮೇವಿನ ತೊಟ್ಟಿಯಲ್ಲವೇ? ಆ ರಾತ್ರಿ ಕೂಸಿನ ಕಿವಿಗೆ ಬಿದ್ದದ್ದೂ ಇಂತಹುದೇ ಸದ್ದಾಗಿರಬೇಕು. ದನಗಳು ಮೇವನ್ನು ಮೇಯುವ ಸದ್ದು. ಅವುಗಳ ಮನೆಯಲ್ಲಿ ಅವು ಸ್ವಲ್ಪ ಸರಿದು ಜಾಗ ಕೊಟ್ಟವು. ಈಗ ನಾವು ಸ್ವಲ್ಪ ಸರಿದಿದ್ದೇವೆ." ಅಲ್ಲಿಯವರೆಗೆ ಆ ಕಥೆಯನ್ನು ನಾನು ಎಷ್ಟೋ ಸಲ ಕೇಳಿದ್ದೆನು. ಅರ್ಥವಾದದ್ದು ಅಂದೇ.

ಹಬ್ಬದ ದಿನ ಬೆಳಗ್ಗೆ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಆರಾಧನೆ ಮುಗಿಸಿಕೊಂಡು ಬಂದೆವು. ಹಿಂದಿರುಗಿದಾಗ ಅಜ್ಜಿಯ ಮನೆಯಲ್ಲಿ ಸಡಗರವೋ ಸಡಗರ. ಹುಳುಗಳು ಹಣ್ಣಾಗತೊಡಗಿದ್ದವು. ಮೇವು ಬಿಟ್ಟು, ಮೈ ತಿಳಿಯಾಗಿ, ನೂಲಿಗಾಗಿ ತಲೆಯಾಡಿಸುತ್ತಿದ್ದವು. ಅವುಗಳನ್ನು ಒಂದೊಂದಾಗಿ ಆಯ್ದು ಚಂದ್ರಿಕೆಗಳ ಮೇಲೆ ಬಿಡಬೇಕು. ಚಂದ್ರಿಕೆಯೆಂದರೆ ಬಿದಿರಿನ ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ಕೂರಿಸಿದ ತಡಿಕೆ. ಆ ಸುರುಳಿಗಳ ಸಂದಿಯಲ್ಲಿ ಹುಳು ತನ್ನ ಬಾಯಿಂದ ಕಡಿಯದ ಒಂದೇ ಎಳೆಯನ್ನು ನೂರಾರು ಮೀಟರು ತೆಗೆದು ಗೂಡು ಕಟ್ಟುತ್ತದೆ. ಹೊಸ ಬಟ್ಟೆಯನ್ನು ಬಿಚ್ಚಿಟ್ಟು, ನಾವೆಲ್ಲರೂ ಆ ಕೆಲಸಕ್ಕೆ ಕೈಹಾಕಿದೆವು. ಎರಡು ದಿನಗಳಲ್ಲಿ ಚಂದ್ರಿಕೆಗಳೆಲ್ಲ ಅಂಗಳದ ಚಪ್ಪರಕ್ಕೆ ಹೋದವು, ನಡುಮನೆ ತೆರವಾಯಿತು.

ಇಪ್ಪತ್ತೇಳರ ಸಂಜೆ ಅಜ್ಜಿ ಮತ್ತೆ ನಮ್ಮ ಬಾಗಿಲಿಗೆ ಬಂದರು. ಅವರ ಹಿಂದೆ ಸೊಸೆ, ಮುರಿದ ಹಳೆಯ ಚಂದ್ರಿಕೆಯೊಂದನ್ನು ಹೊತ್ತಿದ್ದರು. ಅಜ್ಜಿಯ ಕೈಯಲ್ಲಿ ಒಂದು ಮಾಲೆ. ಹಿಂದಿನ ಬೆಳೆಯಲ್ಲಿ ಮಾರಾಟಕ್ಕೆ ಬಾರದೆ ಉಳಿದ ತೂತುಗೂಡುಗಳನ್ನೂ ಜೋಡಿಗೂಡುಗಳನ್ನೂ ದಾರದಲ್ಲಿ ಪೋಣಿಸಿದ್ದರು. ತಿಳಿಹಳದಿಯ ಆ ಗೂಡುಗಳು ಸಂಜೆಯ ಬಿಸಿಲಿಗೆ ಹೊನ್ನಿನ ಗುಂಡುಗಳಂತೆ ಹೊಳೆಯುತ್ತಿದ್ದವು.

"ನಮ್ಮ ಹುಳ ಚಂದ್ರಿಕೆ ಏರಿದ್ವು, ನರ್ಸಮ್ಮ. ಇನ್ನು ನಿಮ್ಮ ದೀಪ ಹಚ್ಚಿ" ಎಂದರು ಅಜ್ಜಿ. ಆಮೇಲೆ ಸಂಕೋಚದಿಂದ, "ಹಬ್ಬ ಕಳೆದುಹೋಯ್ತೇನೋ" ಎಂದು ಕೇಳಿದರು.

"ಇಲ್ಲ ಅಜ್ಜಿ. ನಮ್ಮ ಕ್ರಿಸ್ಮಸ್ ಹನ್ನೆರಡು ದಿನದ ಹಬ್ಬ. ಮೂಡಣ ದೇಶದ ಜ್ಞಾನಿಗಳು ಕೂಸನ್ನು ಕಂಡದ್ದನ್ನು ನೆನೆಯುವುದು ಜನವರಿ ಆರಕ್ಕೆ. ನೀವು ಅವರಿಗಿಂತ ಮುಂಚೆಯೇ ಬಂದಿದ್ದೀರಿ" ಎಂದು ತಾಯಿ ನಕ್ಕರು.

ಚಂದ್ರಿಕೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಗೂಡಿನ ಮಾಲೆಯನ್ನು ಗೋದಲಿಯ ಸುತ್ತ ಇಳಿಬಿಟ್ಟೆವು. ಅಜ್ಜಿಯೇ ತಮ್ಮ ಮನೆಯಿಂದ ಎಣ್ಣೆಯ ಹಣತೆಯನ್ನು ತಂದು ಆ ಗೂಡಿನಲ್ಲಿ ಇಟ್ಟರು. ಬೆಳಕು ಮಾಲೆಯ ಮೇಲೂ ಚಂದ್ರಿಕೆಯ ಸುರುಳಿಗಳ ಮೇಲೂ ಆಡಿತು. ಸುಟ್ಟುಹೋದ ನನ್ನ ನಕ್ಷತ್ರ ಅಂದು ನೆನಪಿಗೆ ಬರಲಿಲ್ಲ.

ಆಮೇಲೆ ನಾನೂ ಉಪಾಧ್ಯಾಯನಾದೆ. ವರ್ಗವಾದ ಊರುಗಳಲ್ಲೆಲ್ಲ ಸಂಸಾರ ಹೂಡಿದೆ. ಗೌರಿಬಿದನೂರಿನಲ್ಲಿದ್ದಾಗ ಉತ್ತರ ಪಿನಾಕಿನಿಯ ಮರಳಿನಿಂದ ನಮ್ಮ ಗೋದಲಿಗೆ ದಾರಿಗಳು ಮೂಡಿದವು. ಚಿಂತಾಮಣಿಯಲ್ಲಿ ಕಡಲೆಕಾಯಿಯ ಸಿಪ್ಪೆಯನ್ನು ಅಂಟಿಸಿ ನನ್ನ ಮಕ್ಕಳು ಬೆಟ್ಟಗಳನ್ನು ಮಾಡಿದರು. ಅಲ್ಲಿಯೇ ಮೊದಲ ಬಾರಿಗೆ ಬಣ್ಣದ ಸೀರಿಯಲ್ ದೀಪಗಳೂ ಮನೆಯೊಳಗೆ ಬಂದವು. ಎಡಿಸನ್ನನ ಜೊತೆಗಾರನಾದ ಎಡ್ವರ್ಡ್ ಜಾನ್ಸನ್ ಎಂಬಾತ 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ ಎಂಬತ್ತು ವಿದ್ಯುತ್ ದೀಪಗಳನ್ನು ಹಾಕಿಸಿ ಜನರನ್ನು ಬೆರಗುಗೊಳಿಸಿದನಂತೆ. ಅದು ನಮ್ಮ ಮನೆಗೆ ತಲುಪಲು ಒಂದು ಶತಮಾನವೇ ಬೇಕಾಯಿತು.

ಈಗ ನಾನು ನಿವೃತ್ತನಾಗಿ ಮತ್ತೆ ಚಿಕ್ಕಬಳ್ಳಾಪುರಕ್ಕೆ ಬಂದು ನೆಲೆಸಿದ್ದೇನೆ. ನಕ್ಷತ್ರ, ಮರ, ಗೋದಲಿಯ ಬೊಂಬೆಗಳು ಎಲ್ಲವೂ ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುತ್ತವೆ. ಅವುಗಳನ್ನು ನಾನು ಹಳಿಯುವುದಿಲ್ಲ. ಮಡಿಸಿಟ್ಟ ಪ್ಲಾಸ್ಟಿಕ್ ಮರವನ್ನು ಬಿಡಿಸುವಾಗಲೂ ಮೊಮ್ಮಕ್ಕಳ ಕಣ್ಣುಗಳಲ್ಲಿ ಹಳೆಯ ಬೆಳಕೇ ಇರುತ್ತದೆ. ಆದರೆ ಹೊಸ ಮನೆಗಳ ಗೋಡೆಗಳಲ್ಲಿ ಗೂಡುಗಳಿಲ್ಲ. ಈ ಮನೆ ಕಟ್ಟಿಸುವಾಗ ಮೇಸ್ತ್ರಿಗೆ ಹೇಳಿ ನಡುಮನೆಯಲ್ಲಿ ಒಂದು ಗೂಡನ್ನು ಬಿಡಿಸಿದೆನು. ಅವನು ವಿಚಿತ್ರವಾಗಿ ನೋಡಿ, "ಏನಿಡೋಕೆ, ಮೇಷ್ಟ್ರೇ?" ಎಂದು ಕೇಳಿದ್ದನು.

ಪ್ರತಿ ಡಿಸೆಂಬರಿನಲ್ಲಿಯೂ ಅದರೊಳಗೆ ಒಂದು ಬಟ್ಟಲು ರಾಗಿಯ ಪೈರು, ಮಣ್ಣಿನ ಗೋದಲಿ, ಸುತ್ತ ರೇಷ್ಮೆಗೂಡಿನ ಒಂದು ಮಾಲೆ ಇರುತ್ತವೆ. ಅಜ್ಜಿ ಕೊಟ್ಟ ಮಾಲೆ ಎಂದೋ ಹುಡಿಯಾಯಿತು. ಇದು ಶಿಡ್ಲಘಟ್ಟದಿಂದ ತರಿಸಿದ ಗೂಡುಗಳಿಂದ ನಾನೇ ಪೋಣಿಸಿದ್ದು. ಉಳಿದ ಮನೆಯನ್ನು ಮಕ್ಕಳು ತಮಗೆ ಬೇಕಾದಂತೆ ಸಿಂಗರಿಸುತ್ತಾರೆ. ಹಬ್ಬದ ಹಿಂದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಬಣ್ಣದ ದೀಪಗಳನ್ನು ಆರಿಸಿ, ಆ ಗೂಡಿನ ಮುಂದೆ ಸ್ವಲ್ಪ ಹೊತ್ತು ಕುಳಿತಿರುತ್ತೇನೆ. ಮಳೆಯಿಲ್ಲದ ರಾತ್ರಿಯಲ್ಲಿ, ಎಲ್ಲಿಯೋ ದೂರದಲ್ಲಿ, ಸೋನೆ ಹಿಡಿದ ಸದ್ದು ಕೇಳಿಸುತ್ತದೆ.